ಹೂವಿನ ವಾರದ ನೀರು

ಹೊಸ ಎಣಿಕೆಯ ೨೧೨ನೇ ವರ್ಷ, ಒಣ ತಿಂಗಳ ಮೂವತ್ತಾರನೇ ದಿನ
ಗೋನಾಳ ಪಾಳ್ಯ

ನಮ್ಮ ನಂತರ ಇಲ್ಲಿಗೆ ಬರುವವರಿಗೆ,

ನನ್ನ ಮಾತು ನಿಮಗೆ ತೊಡಕೆನಿಸಿದರೆ ಕ್ಷಮಿಸಿ. ನಿಮ್ಮ ಭಾಷೆ ಹೇಗಿರುವುದೋ ಊಹಿಸಲಾರೆ. ನಾನು ತಿರುಕಪ್ಪ, ಈ ಪಾಳ್ಯದ ನೀರುಗಂಟಿ. ಯಾರ ಮಡಿಗೆ ಎಷ್ಟು ಬೇರುಗುಟುಕು ಎಂದು ಅಳೆದು ಬಿಡುವವನು. ಬೇರುಗುಟುಕು ಎಂದರೆ ಹೂತಿಟ್ಟ ಮಣ್ಣಿನ ಗಡಿಗೆಯಿಂದ ಬೇರಿಗೆ ಜಿನುಗುವ ಒಂದು ಲೋಟ ನೀರು. ಬೆಳಿಗ್ಗೆ ಗಡಿಗೆ ತುಂಬಿ, ಮಡಿಗಳಿಗೆ ಚಾಪೆ ಹೊದಿಸಿ, ಬಿಸಿಲು ಇಳಿಯುವವರೆಗೆ ನೆಲದೊಳಗಿನ ಕೋಣೆಗಳಲ್ಲಿ ಕೂರುತ್ತೇವೆ. ನಮಗೆ ಉಳಿದಿದ್ದ ಬೆಳೆ ಹುರುಳಿಕಾಯಿ ಒಂದೇ. ಹಿಂದಿನವರು ಬೀನ್ಸ್ ಎನ್ನುತ್ತಿದ್ದರಂತೆ.

ಈ ವರ್ಷ ನಾಲ್ಕು ಮಡಿ ಬಿತ್ತಿದೆವು. ಗಿಡ ಮೊಗ್ಗು ಬಿಡುವಾಗ ತೊಟ್ಟಿಯಲ್ಲಿ ಎರಡು ಮಡಿಗಾಗುವಷ್ಟೇ ನೀರಿತ್ತು. ಬೀಜ ಕಾಯುವ ದ್ಯಾವಮ್ಮ ಸಭೆಯಲ್ಲಿ ಎದ್ದು ನಿಂತಳು.

"ಎಳೇ ಗಿಡ ನೀರಡಿಕಿ ತಡಕೊಂತಾವ, ಹೂ ತಡಕೊಳ್ಳಂಗಿಲ್ಲ. ಎರಡು ಮಡಿ ಬಿಡ್ರಿ, ಎರಡನ್ನ ಉಳಿಸ್ಕೊಳ್ರಿ."

"ಯಾರ ಮಡಿ ಬಿಡಾದು? ನಿಂದಾ?" ಎಂದು ಇನ್ನೊಂದು ಮಡಿಯ ಮಲ್ಲೇಶಿ ಕೇಳಿದ.

"ಹೂಂ, ಮೊದಲು ನಂದೇ ಬಿಡ್ರಿ."

ಎರಡನೆಯ ಮಡಿ ಬಿಡಲು ಯಾರೂ ಮುಂದೆ ಬರಲಿಲ್ಲ. ಸಮನಾಗಿ ಹಂಚಬೇಕೆಂದು ಸಭೆ ತೀರ್ಮಾನಿಸಿತು. ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ನಾಲ್ಕರಲ್ಲಿ ಒಂದು ಮಡಿ ನನ್ನದು, ಸುಮ್ಮನಿದ್ದೆ. ಎಲ್ಲ ಗಡಿಗೆಗೂ ಅರ್ಧರ್ಧ ಸುರಿದೆ. ಒಂಬತ್ತು ದಿನದಲ್ಲಿ ಹೂವೆಲ್ಲ ಉದುರಿದವು. ಎಲೆ ಮಾತ್ರ ಕೆಲ ದಿನ ಹಸಿರಾಗಿತ್ತು. ಮಡಿಗಳ ನೀರೂ ಮುಗಿಯಿತು, ಕುಡಿಯುವ ಪಾಲಷ್ಟೇ ಉಳಿಯಿತು.

ದ್ಯಾವಮ್ಮನ ಮಡಿಯ ಮೂಲೆಯಲ್ಲಿ ಮೂರು ಗಿಡ ಮಾತ್ರ ಕಾಯಿ ಕಚ್ಚಿದ್ದವು. ಕುಡಿಯುವ ತನ್ನ ಪಾಲನ್ನು ಅವಕ್ಕೆ ಸುರಿಯುತ್ತಿದ್ದಳೆಂದು ನಮಗೆ ತಿಳಿಯುವ ಹೊತ್ತಿಗೆ ಅವಳು ಏಳಲಾರದೆ ಮಲಗಿದ್ದಳು. ನನ್ನ ಲೋಟವನ್ನು ಅವಳ ತುಟಿಗೆ ಹಿಡಿದೆ. ಮುಖ ತಿರುಗಿಸಿದಳು.

"ಇನ್ನೂ ಕಾಳು ಬಲಿತಿಲ್ಲೋ. ಅಲ್ಲಿಗೆ ಹಾಕು."

ಹಾಕಿದೆ. ಮರುದಿನ ಅವಳು ತೀರಿಕೊಂಡಳು.

ಐವತ್ತೆರಡು ಬೀಜ ಸಿಕ್ಕವು. ನಾಳೆ ನಾವು ಪಾಳ್ಯ ಬಿಡುತ್ತೇವೆ, ಎಲ್ಲಿಗೆಂದು ಗೊತ್ತಿಲ್ಲ. ದಾರಿಯಲ್ಲಿ ಹಸಿದರೆ ತಿಂದುಬಿಡುತ್ತೇವೆ ಎಂಬ ಭಯಕ್ಕೆ ಬೀಜಗಳನ್ನು ಈ ಕಾಗದದೊಂದಿಗೆ ಇಲ್ಲೇ ಮುಚ್ಚಿಟ್ಟಿದ್ದೇನೆ. ಮೊಳೆಯುತ್ತವೆಂದು ಮಾತು ಕೊಡಲಾರೆ.

ಬಿತ್ತುವ ಮುನ್ನ ತೊಟ್ಟಿ ನೋಡಿಕೊಳ್ಳಿ. ಹೂ ಬಿಡುವ ವಾರಕ್ಕೆ ನೀರು ಉಳಿಯುವುದಿಲ್ಲ ಎನಿಸಿದರೆ ಬಿತ್ತಬೇಡಿ, ಬೇಯಿಸಿ ತಿನ್ನಿ. ಒಂದು ಮಗುವಿಗೆ ಒಂದು ಹೊತ್ತಿಗೆ ಸಾಲುತ್ತದೆ.