ಅಜ್ಜಿಯ ಹುಬ್ಬಿನ ಗಾಯ

ಅಂಗಡಿಯಿಂದ, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ಕನಸು ಹೇಳಿಬಿಡುತ್ತೇನೆ. ಅಜ್ಜಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕುರ್ಚಿ ಒರೆಸಿ ಕರೆದೆ. "ನನ್ನ ಗುರುತು ಸಿಕ್ತೇನೋ ನಿಂಗೆ?" ಅಂದಳು, ಒಳಗೆ ಬರಲಿಲ್ಲ. ಧಡಕ್ಕನೆ ಎದ್ದು ಕೂತೆ. ನಿನ್ನ ಸೊಂಟ ಹೇಗಿದೆ? ಆಸ್ಪತ್ರೆಯ ಕೆಲಸದಲ್ಲಿ ಒದ್ದೆ ಬಟ್ಟೆಯ ಗಂಟುಗಳನ್ನು ಒಬ್ಬಳೇ ಎತ್ತಬೇಡ. ಹೇಳಿದರೆ ನೀನೆಲ್ಲಿ ಕೇಳುತ್ತೀ.

ನಮ್ಮ ಬೀದಿಯವರೆಲ್ಲ ಸೇರಿ ಅಂಗಡಿಯ ಗೋಡೆಗೆ ಅಜ್ಜಿಯ ನೆನಪಿಗೆ ಅವಳ ಚಿತ್ರ ಬರೆಸುತ್ತಿದ್ದಾರೆ. ತಾತ ಹೋದ ಮೇಲೆ ಅವಳು ಕತ್ತರಿ ಹಿಡಿದಾಗ "ಹೆಂಗಸು ಗಂಡಸರ ತಲೆ ಮುಟ್ಟೋದಾ" ಎಂದು ನಕ್ಕವರ ಮಕ್ಕಳು, ಮೊಮ್ಮಕ್ಕಳು ಇವರೇ. ಹೆಡ್‌ಮಾಸ್ತರರಿಗೂ ಮೂಟೆ ಹೊರುವವನಿಗೂ ಅವಳದು ಒಂದೇ ಮಾತು: "ತಲೆ ತಗ್ಗಿಸಪ್ಪಾ, ಹೋಗೋದು ಕೂದಲು, ಮಾನ ಅಲ್ಲ." ಆ ಕತ್ತರಿಯಲ್ಲೇ ಅಪ್ಪನನ್ನು ಬೆಳೆಸಿದಳು, ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ. ನಾನು ಶಾಲೆ ಬಿಟ್ಟು ಬಂದ ದಿನ ಬೈಯಲಿಲ್ಲ, ಬಾಚಣಿಗೆ ಕೈಗಿಟ್ಟಳು. ಫೋಟೋ ಅಂದರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಒಂದೂ ಇಲ್ಲ.

ಹಾಗಾಗಿ ಚಿತ್ರದವನು ಎಲ್ಲವನ್ನೂ ನಮ್ಮ ಬಾಯಿಂದಲೇ ಕೇಳಿ ಇದ್ದಿಲಲ್ಲಿ ಗೀಚಿಕೊಂಡಿದ್ದಾನೆ. ಹುಬ್ಬಿನ ಮೇಲಿನ ಹಳೇ ಗಾಯದ ಗುರುತು ಯಾವ ಕಡೆ ಅಂದ. ಎಡಗಡೆ ಅಂದೆ. ಎದುರಂಗಡಿ ದರ್ಜಿ, ಹಾಲಿನವನು, ಬೀದಿಗೆ ಬೀದಿಯೇ ಎಡ ಅಂತು. ನಿನ್ನೆ ಗಡ್ಡ ಹೆರೆಯುವಾಗ ನನ್ನ ಬಲಗೆನ್ನೆ ಕುಯ್ದುಕೊಂಡೆ. ತಲೆಯೆತ್ತಿ ನೋಡಿದರೆ ಕನ್ನಡಿಯೊಳಗಿನವನಿಗೆ ರಕ್ತ ಎಡಗೆನ್ನೆಯಲ್ಲಿ! ಜೀವ ಹೋದಂತಾಯಿತು ಅಕ್ಕಾ. ಬೀದಿಯವರೆಲ್ಲ ಅವಳನ್ನು ನೋಡಿದ್ದು ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದರೂ ನೋಡಿದ್ದು ಕನ್ನಡಿಯಲ್ಲೇ; "ಕೈ ತಲೆ ಮೇಲಿರ್ಲಿ, ಕಣ್ಣು ಕನ್ನಡೀಲಿರ್ಲಿ" ಎಂದು ಕಲಿಸಿದವಳು ಅವಳೇ. ಬೈಯುವುದಿದ್ದರೂ ತಿರುಗುತ್ತಿರಲಿಲ್ಲ, ಕನ್ನಡಿಯಲ್ಲೇ ಬೈಯುತ್ತಿದ್ದಳು.

ಹಾಗಾದರೆ ಬಲ ಅನ್ನೋಣವೆಂದರೆ ಧೈರ್ಯವಿಲ್ಲ. ಅವಳು ಹಾಸಿಗೆ ಹಿಡಿದಾಗ ದಿನಾ ಮುಖ ಒರೆಸಿದವನು ನಾನೇ, ಆದರೆ ಅಷ್ಟರಲ್ಲಿ ಸುಕ್ಕುಗಳೊಳಗೆ ಆ ಗಾಯ ಹುದುಗಿಹೋಗಿತ್ತು. ಮನೆಯಲ್ಲಿ ಎದುರುಬದುರು ಕೂತು ಉಂಡ ಮುಖ ನೆನೆದರೂ ಕನ್ನಡಿಯ ಚೌಕಟ್ಟೇ ಬಂದು ಕೂರುತ್ತದೆ. ಚಿತ್ರದವನು ನಗುತ್ತಾನೆ, "ಎರಡೂ ಕಡೆ ಹಾಕ್ಬಿಡ್ಲಾ ಯಜಮಾನ್ರೇ?" ಅಂತ. ಅವನಿಗೇನು. ಇಷ್ಟು ವರ್ಷ ನೋಡಿದ್ದು ಅವಳನ್ನೋ ಬರೀ ಗಾಜನ್ನೋ ಎಂದು ನನಗೆ ಅನ್ನ ಇಳಿಯುತ್ತಿಲ್ಲ.

ಭಾವನನ್ನು ಕೇಳಿದೆನೆಂದು ಹೇಳು. ರಜೆ ಸಿಗದೆ ಕೊನೆಗೆ ಮುಖ ನೋಡಲಾಗಲಿಲ್ಲ ಎಂದು ಅಳುತ್ತಾ ಕೂರಬೇಡ. ಅವಳ ಆಶೀರ್ವಾದ ನಿನ್ನ ಮೇಲಿರುತ್ತದೆ.

ನಿನ್ನ ತಮ್ಮ,
ಅಜ್ಜಿ ಇಟ್ಟ ಹೆಸರಿನಂತೆ ಇನ್ನೂ ಪುಕ್ಕಲ

ಮರೆತೆ: ಮುಂದಿನ ವಾರ ಬಣ್ಣ ಹಾಕುತ್ತಾನೆ, ಅಷ್ಟರೊಳಗೆ ತಿಳಿಸು. ಚಿಕ್ಕವಳಿದ್ದಾಗ ಅಜ್ಜಿಯ ಕಡೆ ಮುಖ ಮಾಡಿ ಮಲಗಿ, ಆ ಗಾಯದ ಮೇಲೆ ಬೆರಳಿಟ್ಟರೇ ನಿನಗೆ ನಿದ್ದೆ ಬರುತ್ತಿತ್ತಂತೆ. ಬೆರಳಿಗೆ ಕನ್ನಡಿಯ ಹಂಗಿಲ್ಲ. ಇವತ್ತು ಮಲಗುವಾಗ ಕಣ್ಣು ಮುಚ್ಚಿ ಕೈ ಚಾಚಿ ನೋಡು, ಯಾವ ಹುಬ್ಬಿಗೆ ಹೋಗುತ್ತದೆ ಅಂತ. ಇನ್ನೊಂದು ಸಲವೂ ನೋಡಿ ಆಮೇಲೆ ಬರೆ.