ನನ್ನ ತಂಗಿಯ ಹೊರೆಗಲ್ಲಿನ ಮೇಲೆ ದಾನಿಯ ಹೆಸರು

ಮಾನ್ಯ ಸನ್ಮಾನ ಸಮಿತಿಯ ಅಧ್ಯಕ್ಷರೇ,

ಬರುವ ವಾರ ನೀವು ಶಾಲು ಹೊದಿಸಲಿರುವ ಮಹನೀಯರ ಹೆಸರು ನನ್ನ ಸತ್ತ ತಂಗಿಯ ಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿದೆ. ಅದನ್ನು ಅಳಿಸಿಕೊಡಿ. ನನ್ನ ದೂರು ಇಷ್ಟೇ. ಆದರೆ ದೊಡ್ಡವರಿಗೆ ಇಷ್ಟೇ ಹೇಳಿದರೆ ಕಿವಿಗೆ ಬೀಳುವುದಿಲ್ಲವಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಹೊಸಹಳ್ಳಿ–ಕೂಡ್ಲಿಗಿ ಬಸ್ಸಿನ ಕಂಡಕ್ಟರ್. ನಿಮ್ಮ ಆಹ್ವಾನ ಪತ್ರಿಕೆ ನಮ್ಮ ಬಸ್ಸಿನ ಗಾಜಿಗೂ ಅಂಟಿದೆ: ‘ಮಣ್ಣಿನ ಮಗ, ಮುಂಬೈಯಲ್ಲಿ ಹೂಡಿಕೆ ಸಾಮ್ರಾಜ್ಯ ಕಟ್ಟಿದ ಧೀಮಂತ, ಕೊಡುಗೈ ದಾನಿ.’ ಅವರ ಹೂಡಿಕೆ ಎಂದರೇನೆಂದು ಈಗ ನಮಗೂ ಗೊತ್ತು. ಸಿರಿವಂತರ ದುಡ್ಡು ಒಟ್ಟುಮಾಡಿ ಸೊರಗಿದ ಸಂಸ್ಥೆಗಳನ್ನು ಕೊಳ್ಳುವುದು, ಖರ್ಚು ಕತ್ತರಿಸಿ ಮೈತುಂಬಿದ ಹಾಗೆ ತೋರಿಸುವುದು, ಇನ್ನೊಬ್ಬರಿಗೆ ಮಾರಿ ಕೈ ತೊಳೆದುಕೊಳ್ಳುವುದು. ನಮ್ಮ ಸಂತೆಯ ಕುರಿ ವ್ಯಾಪಾರವೂ ಹೆಚ್ಚುಕಡಿಮೆ ಇದೇ. ಆದರೆ ಗಬ್ಬದ ಕುರಿಯನ್ನು ನಮ್ಮವರು ಕಟುಕನಿಗೆ ಕೊಡುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಣ್ಣ ಆಸ್ಪತ್ರೆಗಳನ್ನು ಅವರ ಕಂಪನಿ ಕೊಂಡಿತು. ಹೊಸಹಳ್ಳಿಯಲ್ಲಿ ಮುದಿ ಡಾಕ್ಟರೊಬ್ಬರು ನಡೆಸುತ್ತಿದ್ದದ್ದೂ ಅದರಲ್ಲೊಂದು. ಮುಂಬಾಗಿಲಿಗೆ ಗಾಜು ಬಂತು, ನಮಸ್ಕಾರ ಹೇಳುವ ಹುಡುಗಿ ಬಂದಳು, ಹೆರಿಗೆ ಕೋಣೆ ಹೋಯಿತು. ಹೆರಿಗೆಯಲ್ಲಿ ಲಾಭವಿಲ್ಲವಂತೆ. ಹೌದು ಮತ್ತೆ, ಹುಟ್ಟುವ ಕೂಸು ಬರುವಾಗ ಲಾಭ ಹೊತ್ತು ಬರುತ್ತದೆಯೇ?

ನನ್ನ ತಂಗಿ ಪಕ್ಕೀರಮ್ಮನ ಮೊದಲ ಹೆರಿಗೆ ಅಲ್ಲೇ ಆಗಿತ್ತು. ಎರಡನೆಯದಕ್ಕೂ ತವರಿಗೆ ಬಂದಿದ್ದಳು. ನೋವು ಶುರುವಾದಾಗ ನಮ್ಮವ್ವ ದುರುಗಮ್ಮ ಅಲ್ಲಿಗೇ ಕರೆದೊಯ್ದಳು. ಕೋಣೆ ಮುಚ್ಚಿ ವಾರವೂ ಆಗಿರಲಿಲ್ಲ. ನಮಗೆ ಯಾರು ಹೇಳಬೇಕು? “ಹೆರಿಗಿ ಬಂದ್ ಆಗೈತ್ರಿ, ಕೂಡ್ಲಿಗಿಗೆ ಹೋಗ್ರಿ” ಎಂದ ಬಾಗಿಲು ಕಾಯುವವನು. ಆಟೋ ಊರು ದಾಟಿ ನಮ್ಮ ಹೊಲದ ತಿರುವಿಗೆ ಬರುವಷ್ಟರಲ್ಲಿ ಅವಳು, “ಯವ್ವಾ, ಇಳಿಸ ನನ್ನ, ಭಾರ ತಡಿಯಾಕ ಆಗವಲ್ದು” ಅಂದಳು. ಬೇವಿನ ಮರದ ಕೆಳಗೆ ಇಳಿಸಿದರು. ಕೂಸು ಹೊಟ್ಟೆಯಲ್ಲಿರುವಂತೆಯೇ ಅವಳು ಅಲ್ಲಿ ಸತ್ತಳು.

ಬಸುರಿ ಸತ್ತರೆ ಹೊಟ್ಟೆಯ ಭಾರ ಹೊತ್ತುಕೊಂಡೇ ಜೀವ ಅಲೆಯುತ್ತದೆಂದು ನಮ್ಮ ಹಿರಿಯರ ನಂಬಿಕೆ. ಅದಕ್ಕೇ ದಾರಿ ಪಕ್ಕದಲ್ಲಿ ಎರಡು ಕಲ್ಲು ನಿಲ್ಲಿಸಿ, ಮೇಲೆ ಚಪ್ಪಡಿಯಿಟ್ಟು ಹೊರೆಗಲ್ಲು ಮಾಡುತ್ತೇವೆ. ಜೋಳದ ಸೊಪ್ಪೆ, ಕಟ್ಟಿಗೆ ಹೊತ್ತು ಬಂದವರು ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳುತ್ತಾರೆ. ಅವರು ಇಳಿಸಿದಷ್ಟು ಸತ್ತವಳದೂ ಇಳಿಯುತ್ತದೆಯಂತೆ. ಪಕ್ಕೀರಮ್ಮನಿಗೂ ಆ ತಿರುವಿನ ಬೇವಿನ ಮರದ ಬಳಿಯೇ ಒಂದು ನಿಲ್ಲಿಸಿದೆವು. ನಾನು ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡವನು, ದೆವ್ವ ಭೂತ ನಂಬುವವನಲ್ಲ. ಆದರೂ ಆ ತಿರುವು ಬಂದಾಗಲೆಲ್ಲ ನನಗೆ ಗೊತ್ತಿಲ್ಲದೆ ಸೀಟಿ ಊದುತ್ತೇನೆ. ಬಸ್ಸು ನಿಲ್ಲುತ್ತದೆ. “ಯಾರಲೇ ಇಳಿಯೋರು, ಭೀಮ್ಯಾ?” ಎಂದು ಡ್ರೈವರ್ ಗಾದಿಲಿಂಗ ಮೊದಮೊದಲು ರೇಗುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಈಗ ಅವನೂ ಕೇಳುವುದಿಲ್ಲ, ಸುಮ್ಮನೆ ನಿಲ್ಲಿಸುತ್ತಾನೆ.

ಆಸ್ಪತ್ರೆಗಳನ್ನು ಮಾರಿದ ಮೇಲೆ ನಿಮ್ಮ ಮಹನೀಯರಿಗೆ ಊರಿನ ನೆನಪಾಯಿತು, ಟ್ರಸ್ಟ್ ಹುಟ್ಟಿತು. ಐದೂ ತಾಲ್ಲೂಕುಗಳಲ್ಲಿ ‘ಪಾದಚಾರಿಗಳಿಗೆ ವಿಶ್ರಾಂತಿ ಆಸನ’. ಹೊಸ ಕಲ್ಲು ತರುವ ತಾಪತ್ರಯ ಯಾಕೆಂದು ಗುತ್ತಿಗೆಯವರು ನಮ್ಮ ಹೊರೆಗಲ್ಲಿಗೇ ಬಣ್ಣ ಬಳಿದು ದಾನಿಯ ಹೆಸರು ಬರೆದರು. ಎದೆಮಟ್ಟದ ಚಪ್ಪಡಿಯ ಮೇಲೆ ಹತ್ತಿ ಕೂರುವ ಪಾದಚಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ ಸ್ವಾಮಿ? ಕೇಳಿದರೆ ಆ ಪೇಂಟರ್, “ಯಾರದೂ ಅಲ್ಲಂತ ತಿಳ್ಕಂಡ್ವಿರಿ” ಅಂದ. ಅವನನ್ನು ಬೈದು ಏನು ಬಂತು?

ಅಂದಿನಿಂದ ಊರಿನ ಹೆಂಗಸರು ಅಲ್ಲಿ ಹೊರೆ ಇಳಿಸುವುದನ್ನು ಬಿಟ್ಟಿದ್ದಾರೆ. ಮೊನ್ನೆ ಬಸ್ಸು ನಿಂತಾಗ ನಮ್ಮವ್ವ ಸೊಪ್ಪೆಯ ಹೊರೆ ಹೊತ್ತು ಕಲ್ಲಿನ ಮುಂದೆ ನಿಂತಿದ್ದಳು. ಕುತ್ತಿಗೆ ನಡುಗುತ್ತಿತ್ತು. ಇಳಿದು ಹೋದೆ.

“ಇಳಸವ್ವಾ.”

“ಒಲ್ಲೆ. ಈಗ ನಾ ಇಳಿಸಿದ್ರ ಅವನ ಭಾರ ಕಮ್ಮಿ ಆಗ್ತೈತಿ. ನನ್ನ ಮಗಳದು ಹಂಗ ಉಳೀತೈತಿ.”

ಅವಳಿಗೆ ಏನು ಹೇಳಲಿ? ನೀವಾದರೂ ಹೇಳಿಕೊಡಿ.

ಸನ್ಮಾನ ಮಾಡಬೇಡಿ ಎನ್ನುವುದಿಲ್ಲ. ಹಾರ ಖರೀದಿಯಾಗಿರಬಹುದು, ಬಾಡಬಾರದು. ಆದರೆ ವೇದಿಕೆ ಹತ್ತಿಸುವ ಮೊದಲು ಅವರನ್ನು ಆ ತಿರುವಿಗೆ ಕರೆತನ್ನಿ. ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಉಜ್ಜಿ ತೆಗೆಯಲಿ. ಆಮೇಲೆ ಹೊಸಹಳ್ಳಿಗೊಂದು ಹೆರಿಗೆ ಕೋಣೆ ಕಟ್ಟಿಸಿಕೊಡಲಿ. ಅದರ ಗೋಡೆಯ ತುಂಬ ಹೆಸರು ಬರೆಸಿಕೊಳ್ಳಲಿ, ನಮ್ಮವ್ವನೇ ಸುಣ್ಣ ಕಲಸಿ ಕೊಡುತ್ತಾಳೆ.

ತಡಮಾಡಬೇಡಿ. ಪಕ್ಕದ ಮನೆಯ ಕೊಟ್ರಬಸಮ್ಮನಿಗೆ ಈಗ ಏಳು ತಿಂಗಳು. ಆ ದಾರಿಯಲ್ಲಿ ಇನ್ನೊಂದು ಕಲ್ಲಿಗೆ ಜಾಗವಿದೆ. ಇನ್ನೊಂದು ಕಡೆ ಸೀಟಿ ಊದಲು ನನಗೆ ಉಸಿರಿಲ್ಲ.

ಇಂತಿ,
ತಂಗಿಯನ್ನು ಕೊಟ್ಟು ನಿಮ್ಮ ದಾನಿಯಿಂದ ಆಸನ ಪಡೆದವನು,
ಭೀಮೇಶ್, ಬಸ್ ಕಂಡಕ್ಟರ್, ಹೊಸಹಳ್ಳಿ