ಅಪ್ಪ ಸಮುದ್ರ ನೋಡಿ ಬಂದ ಮೇಲೆ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಕಂಪ್ಯೂಟರಿನ ಮುಂದೆ ಕತ್ತು ಚಾಚಿಕೊಂಡು ಕೂತರೆ ಎಲ್ಲಿ ಕಡಿಮೆಯಾಗುತ್ತದೆ? ನಡುನಡುವೆ ಎದ್ದು ಓಡಾಡು. ಅಳಿಯಂದಿರ ಕೆಮ್ಮು ನಿಂತಿತೆಂದು ತಿಳಿದು ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳುವುದನ್ನು ಅಮ್ಮ ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಸುಮ್ಮನಾಗುತ್ತೇನೆ, ಕೊನೆಗೆ ಇಬ್ಬರೂ ಸೆಕೆಯ ವಿಷಯ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದಕ್ಕೆ ಆ ತೊಂದರೆಯಿಲ್ಲ.

ಲಕ್ವ ಹೊಡೆದು ನಿಮ್ಮಪ್ಪನ ಬಲಗೈ ಬಲಗಾಲು ಬಿದ್ದುಹೋದಾಗ ಡಾಕ್ಟರು ಹೇಳಿದ್ದು ನಿನಗೂ ನೆನಪಿರಬೇಕು. ಇನ್ನು ಮೇಲೆ ಔಷಧಿಯದು ಕಾಲುಭಾಗ, ಅಭ್ಯಾಸದ್ದು ಮುಕ್ಕಾಲು ಅಂದಿದ್ದರು. ನೀನು ಎರಡು ದಿನ ಇದ್ದು ಅತ್ತು ಹೋದೆ. ಆ ಮುಕ್ಕಾಲು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ಸ್ಪಂಜಿನ ಚೆಂಡು ಹಿಸುಕಿಸುವುದು, ರಬ್ಬರ್ ಪಟ್ಟಿ ಎಳೆಸುವುದು, ಗೋಡೆ ಹಿಡಿಸಿ ಪಡಸಾಲೆಯ ಉದ್ದಕ್ಕೂ ನಡೆಸುವುದು, ಉಪ್ಪು ಕಮ್ಮಿ ಊಟ, ಮಧ್ಯಾಹ್ನ ಮಲಗಿಬಿಡದಂತೆ ಕಾವಲು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರು ಪರದಾಡುವಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಅವರು ನನಗೆ ಇಟ್ಟ ಹೆಸರು ಹೆಡ್‌ಮಾಸ್ಟರಮ್ಮ. ಇಟ್ಟುಕೊಳ್ಳಲಿ ಅಂದುಕೊಂಡೆ. ವರ್ಷ ತುಂಬುವ ಹೊತ್ತಿಗೆ ಬೀದಿಯ ತುದಿಯ ತಮ್ಮ ಅಂಗಡಿಗೆ ಊರುಗೋಲು ಹಿಡಿದು ಒಬ್ಬರೇ ನಡೆದು ಹೋದರು. ಜೀವಮಾನವೆಲ್ಲ ಕಂಡವರ ಸೋಫಾ ಕುರ್ಚಿಗಳಿಗೆ ಮೆತ್ತೆ ಹೊಲಿದವರಲ್ಲವೇ, ಈಗ ಅಂಗಡಿ ನಡೆಸುವ ಮೇಸ್ತ್ರಿ ಒಂದು ಸ್ಟೂಲನ್ನು ಮುಂದಿಟ್ಟರಂತೆ. ನಿಮ್ಮಪ್ಪ ಬಟ್ಟೆ ಎಳೆದು ಹಿಡಿದು ನಾಲ್ಕೂ ಅಂಚಿಗೆ ಮೊಳೆ ಹೊಡೆದರಂತೆ. ಮೊಳೆಗಳು ಸೊಟ್ಟಗಿದ್ದವು, ಆದರೂ ಮೇಸ್ತ್ರಿ ಒಂದನ್ನೂ ಕೀಳಲಿಲ್ಲ. ಮನೆಗೆ ಬಂದಾಗ ತೋಳಿನ ತುಂಬ ಸ್ಪಂಜಿನ ಪುಡಿ. ನಾನು ಕೊಡವಲಿಲ್ಲ, ನೋಡುತ್ತಾ ಕೂತೆ.

ಅದರ ಮರುವಾರವೇ ನೀನು ಬಂದೆ. ಸಮುದ್ರದ ಪಕ್ಕದಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೇವೆ, ಮೂರು ವಾರ ಅಪ್ಪ ನಮ್ಮ ಜೊತೆ ಇರಲಿ, ನೀನೂ ಸ್ವಲ್ಪ ಉಸಿರಾಡಮ್ಮಾ ಅಂದೆ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಚೆಂಡು, ಪಟ್ಟಿ, ಮಾತ್ರೆ ಎಲ್ಲ ಚೀಲಕ್ಕೆ ತುಂಬಿ, ಯಾವ ಹೊತ್ತಿಗೆ ಯಾವುದೆಂದು ನಿನಗೆ ಬಾಯಿಪಾಠ ಮಾಡಿಸಿದೆ. ಅವತ್ತು ಅವರು ತಾವೇ ಮೆಟ್ಟಿಲಿಳಿದು ಕಾರಿನ ತನಕ ನಡೆದರು. ನೀವು ಹೋದ ಮೇಲೆ ನಾನೇನೂ ಉಸಿರಾಡಲಿಲ್ಲ. ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು, ಉಪ್ಪು ಕಮ್ಮಿ ಅಡುಗೆಯನ್ನೇ ಮಾಡಿಕೊಂಡು ಒಬ್ಬಳೇ ತಿಂದೆ, ನಡಿಗೆಯ ಹೊತ್ತಿಗೆ ಪಡಸಾಲೆಯ ಕುರ್ಚಿಗಳನ್ನು ಬದಿಗೆ ಸರಿಸಿ, ಯಾರಿಗಾಗಿ ಸರಿಸಿದೆ ಎಂದು ನೆನಪಾಗಿ ಮತ್ತೆ ಮೊದಲಿನ ಜಾಗಕ್ಕೆ ಎಳೆದೆ. ನೀನು ಫೋಟೋ ಕಳಿಸುತ್ತಿದ್ದೆ. ನೀನು ಅಲ್ಲಿ ತರಿಸಿದ ಗಾಲಿಕುರ್ಚಿಯಲ್ಲಿ ಅಪ್ಪ, ಚಮಚದಲ್ಲಿ ಐಸ್‌ಕ್ರೀಂ ತಿನ್ನಿಸುತ್ತಿರುವ ನೀನು. ಖುಷಿಯಾಗಿಯೇ ಇದ್ದರು, ಅನುಮಾನವೇ ಇಲ್ಲ. ನಾನು ನೋಡುತ್ತಿದ್ದದ್ದು ಅವರ ಬಲಗೈಯನ್ನು. ಎಲ್ಲ ಫೋಟೋದಲ್ಲೂ ಅದು ಶಾಲಿನ ಕೆಳಗಿತ್ತು. ಫೋನ್ ಮಾಡಿ ಕೇಳಿದರೆ, "ಅಮ್ಮಾ, ಇದು ರಜೆ. ಬಂದ್ಮೇಲೆ ಮಾಡ್ತಾರೆ ಬಿಡು" ಅಂದೆ.

ಬಂದರು. ನೀನೂ ಅಳಿಯಂದಿರೂ ಎರಡು ಕಡೆ ಹಿಡಿದು ಎತ್ತಿ ಇಳಿಸಿದಿರಿ. ಮೈ ಬಂದಿತ್ತು, ಮುಖ ತುಂಬಿಕೊಂಡಿತ್ತು, ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಮಾರನೆಯ ಬೆಳಿಗ್ಗೆ ಆಫೀಸಿಗೆ ತಡವಾಗುತ್ತದೆಂದು ನೀನು ಹೊರಟೆ, ಗಾಲಿಕುರ್ಚಿ ಇಲ್ಲೇ ಉಳಿಯಿತು. ಚೀಲ ಬಿಚ್ಚಿದೆ. ಚೆಂಡು, ಪಟ್ಟಿ ನಾನು ಮಡಚಿಟ್ಟ ಟವೆಲ್ಲಿನೊಳಗೆ ಹಾಗೇ ಇದ್ದವು. ಮಾತ್ರೆ ಮಾತ್ರ ಖಾಲಿಯಾಗಿತ್ತು, ಅಷ್ಟಕ್ಕೆ ನಿನ್ನನ್ನು ಮೆಚ್ಚಬೇಕು. ವ್ಯಾಯಾಮ ಮಾಡಿಸಲು ಬರುವ ಮೇಷ್ಟ್ರು ಆ ಬೆರಳುಗಳನ್ನು ಬಿಡಿಸಲು ಹೋದರೆ ನಿಮ್ಮಪ್ಪ ನೋವಿಗೆ ಅವರನ್ನು ಬೈದರು. ಮೂರು ವಾರ ಬಿಟ್ಟಿದ್ದನ್ನು ಕಟ್ಟಲು ತಿಂಗಳುಗಳೇ ಬೇಕಮ್ಮಾ, ಅದೂ ಅವರು ಮನಸ್ಸು ಮಾಡಿದರೆ, ಅಂದರು ಮೇಷ್ಟ್ರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮನಸ್ಸು ಮಾಡುವ ಮಾತು ಹಾಗಿರಲಿ, ಚೆಂಡು ಹಿಡಿದು ಹತ್ತಿರ ಹೋದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ತಿನ್ನಿಸಿದರೆ ಮಾತ್ರ ಊಟ. ಅಂಗಡಿಯ ಮೇಸ್ತ್ರಿ ಎರಡು ಸಲ ಬಂದು ಕರೆದರು. ಇವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮೊನ್ನೆ ಬೆಳಿಗ್ಗೆ ನಾನು ಗಾಲಿಕುರ್ಚಿಯನ್ನು ಎಳೆದುಕೊಂಡು ಹೋಗಿ ಹೊರಗಿನ ಕೋಣೆಯಲ್ಲಿಟ್ಟೆ. ಬಚ್ಚಲಿಗಾದರೂ ನಡೆಯಲಿ, ನಾನು ಹಿಡಿದುಕೊಳ್ಳುತ್ತೇನೆ ಎಂದು ಮಂಚದ ಪಕ್ಕದಲ್ಲೇ ನಿಂತೆ. ಏಳಿ ಅಂದೆ. ಏಳಲಿಲ್ಲ. ಕುರ್ಚಿ ತಾ ಅಂದರು. ತರಲಿಲ್ಲ. ಎಷ್ಟು ಹೊತ್ತು ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವೋ, ಕೊನೆಗೆ ಅವರು ಕೂತಲ್ಲೇ ಹಾಸಿಗೆ ಒದ್ದೆ ಮಾಡಿಕೊಂಡರು. ತಡೆಯಲಾಗದೆ ಮಾಡಿದ್ದಲ್ಲ ಗುಬ್ಬೀ, ನನ್ನ ಮುಖ ನೋಡಿಕೊಂಡೇ ಮಾಡಿದ್ದು. ನಾನು ಹಾಸಿಗೆ ಬದಲಿಸುವಾಗ ನಿಧಾನವಾಗಿ, ಒಂದಕ್ಷರವೂ ತೊದಲದೆ ಹೇಳಿದರು: "ನಿನ್ನ ಹತ್ರ ನಾನು ರೋಗಿ. ಅವಳ ಹತ್ರ ನಾನು ಅಪ್ಪ." ಮಾತು ಸ್ಪಷ್ಟವಾಗಲೆಂದು ದಿನಾ ಕನ್ನಡಿಯ ಮುಂದೆ ಕೂರಿಸಿ ನಾಲಿಗೆ ತಿರುಗಿಸಿದವಳು ನಾನೇ. ಕುರ್ಚಿ ತಂದು ಕೂರಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಮೈ ತೊಳೆದೆ.

ನಿನಗೆ ಪ್ರೀತಿಯಿಲ್ಲ ಅನ್ನುತ್ತಿಲ್ಲ. ಇದ್ದದ್ದರಿಂದಲೇ ಹೀಗಾಯಿತು. ನೀನು ಚಿಕ್ಕವಳಿದ್ದಾಗಲೂ ಕಹಿ ಔಷಧಿ ಕುಡಿಸುವ ಕೆಲಸ ನನ್ನದು, ಆಮೇಲೆ ನಾಲಿಗೆ ಮೇಲೆ ಸಕ್ಕರೆ ಹಾಕುವ ಕೆಲಸ ಅವರದು. ನೀನು ಯಾರ ಹೆಗಲಿಗೆ ಮುಖ ಒತ್ತಿಕೊಂಡು ಮಲಗುತ್ತಿದ್ದೆ ಎಂದು ನಾನು ಹೇಳಬೇಕೇ? ಈಗ ಸಕ್ಕರೆ ನಿನ್ನ ಕೈಗೆ ಬಂದಿದೆ. ನನ್ನ ಕೈ ಬದಲಾಗಲಿಲ್ಲ. ರಜೆ ಅಂದರೆ ಎಲ್ಲರಿಗೂ ಬೇಕು, ಅವರಿಗೂ ಬೇಕಿತ್ತು. ಆದರೆ ಅವರು ರಜೆ ತೆಗೆದುಕೊಂಡದ್ದು ಕಾಯಿಲೆಯಿಂದಲ್ಲ, ನನ್ನಿಂದ. ಅದು ತಿಳಿಯಲು ನನಗೆ ಇಷ್ಟು ದಿನ ಹಿಡಿಯಿತು.

ಹೊತ್ತು ಹೊತ್ತಿಗೆ ಊಟ ಮಾಡು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿಮ್ಮಿಬ್ಬರ ಕೈಕಾಲು ಗಟ್ಟಿಯಾಗಿರಲಿ. ಬೇರೆ ಯಾವ ಆಶೀರ್ವಾದವೂ ಈಗ ನನಗೆ ತೋಚುತ್ತಿಲ್ಲ.

ಇಂತಿ,
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮೊದಲು ಇಷ್ಟು: ಶನಿವಾರ ಕಾರು ತೆಗೆದುಕೊಂಡು ಬಾ. ಅಪ್ಪನನ್ನು ಕರೆದುಕೊಂಡು ಹೋಗು, ರಜೆಗಲ್ಲ, ಇರುವುದಕ್ಕೆ. ಹೋಗುತ್ತೀರಾ ಎಂದು ಈಗ ತಾನೇ ಕೇಳಿದೆ. ತಕ್ಷಣ ಹ್ಞೂಂ ಅಂದರು. ನಿಮ್ಮ ಕಡೆ ವ್ಯಾಯಾಮ ಮಾಡಿಸುವವರೊಬ್ಬರ ನಂಬರನ್ನು ಮೇಷ್ಟ್ರು ಕೊಟ್ಟಿದ್ದಾರೆ, ಕರೆಸುವುದು ಬಿಡುವುದು ನಿನಗೆ ಸೇರಿದ್ದು. ನಾನು ಬರುವುದಿಲ್ಲ. ನೀನೂ ಬಾ ಎಂದು ಅವರು ಕರೆಯಲೂ ಇಲ್ಲ.